ಗಣಕಯಂತ್ರವು ತಾನಾಗಿ ಮರುಚಾಲನೆಗೊಂಡಾಗ: ಕಾರಣಗಳ ಪತ್ತೆ ಮತ್ತು ಪರಿಹಾರ ಕ್ರಮ

ಮನೆಯ ಲೆಕ್ಕಪತ್ರ, ಅಂಗಡಿಯ ಬಿಲ್ಲು, ವಿದ್ಯಾರ್ಥಿಯ ಪ್ರಬಂಧ, ಸಂಘಸಂಸ್ಥೆಗಳ ಸದಸ್ಯರ ಪಟ್ಟಿ ಮುಂತಾದವೆಲ್ಲವೂ ಇಂದು ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತವೆ. ಬಹುಮಟ್ಟಿಗೆ ಅದರಲ್ಲಿಯೇ ಉಳಿದಿರುತ್ತವೆ. ಇಂತಹ ಯಂತ್ರವು ಕೆಲಸದ ನಡುವೆ, ಯಾರೂ ಗುಂಡಿಯನ್ನು ಒತ್ತದೆ, ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ನಿಂತು ಮತ್ತೆ ಮೊದಲಿನಿಂದ ಪ್ರಾರಂಭವಾಗುವುದುಂಟು. ಆಗ ಉಳಿಸದೆ ಇದ್ದ ಪುಟಗಳು ನಷ್ಟವಾಗುತ್ತವೆ. ಕಡತವೊಂದು ಡಿಸ್ಕಿಗೆ ಬರೆಯಲ್ಪಡುತ್ತಿದ್ದ ಕ್ಷಣದಲ್ಲಿಯೇ ಹೀಗಾದರೆ ಆ ಕಡತವೇ ಕೆಟ್ಟುಹೋಗಬಹುದು.

ಇದರೊಡನೆ ಹಣದ ನಷ್ಟವೂ ಸೇರಿಕೊಳ್ಳುತ್ತದೆ. ದೋಷವು ಎಲ್ಲಿದೆಯೆಂದು ತಿಳಿಯದೆ ಅಂದಾಜಿನ ಮೇಲೆ ಮೊದಲು ಒಂದು ಬಿಡಿಭಾಗವನ್ನೂ ಅನಂತರ ಇನ್ನೊಂದನ್ನೂ ಬದಲಾಯಿಸುತ್ತ ಹೋದರೆ ವೆಚ್ಚ ಬೆಳೆಯುತ್ತದೆಯೇ ಹೊರತು ತೊಂದರೆ ನಿವಾರಣೆಯಾಗುವುದಿಲ್ಲ. ಜ್ವರವು ಹೇಗೆ ಅನೇಕ ಕಾಯಿಲೆಗಳ ಲಕ್ಷಣವೋ ಹಾಗೆಯೇ ಮರುಚಾಲನೆಯು ಅನೇಕ ದೋಷಗಳ ಸಮಾನ ಲಕ್ಷಣ. ಆದುದರಿಂದ ಔಷಧಿಗಿಂತ ಮೊದಲು ರೋಗನಿದಾನ ಆಗಬೇಕು. ಕ್ರಮಬದ್ಧವಾಗಿ ಗಮನಿಸುವ, ದಾಖಲಿಸುವ ಮತ್ತು ಒಂದು ಬಾರಿಗೆ ಒಂದನ್ನೇ ಪರೀಕ್ಷಿಸುವ ಅಭ್ಯಾಸವಿದ್ದರೆ ಸಾಮಾನ್ಯ ಬಳಕೆದಾರರೂ ಈ ನಿದಾನದ ಬಹುಭಾಗವನ್ನು ಖರ್ಚಿಲ್ಲದೆ ಮಾಡಬಹುದು. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮರುಚಾಲನೆ ಹೇಗೆ ಸಂಭವಿಸುತ್ತದೆ?

ಗಣಕಯಂತ್ರವು ತಾನಾಗಿ ಮರುಚಾಲನೆಗೊಳ್ಳಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ವಿದ್ಯುತ್ತಿನ ದಾರಿ. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಯಂತ್ರದ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಈ ವೋಲ್ಟೇಜುಗಳು ಸರಿಯಾದ ಮಟ್ಟದಲ್ಲಿ ಇರುವವರೆಗೆ ಅದು ಮದರ್‌ಬೋರ್ಡಿಗೆ ‘ಎಲ್ಲವೂ ಸರಿಯಿದೆ’ ಎಂಬ ಅರ್ಥದ ಸಂಕೇತವೊಂದನ್ನು ನಿರಂತರವಾಗಿ ಕಳುಹಿಸುತ್ತಿರುತ್ತದೆ. ವೋಲ್ಟೇಜು ಕುಸಿದರೆ ಈ ಸಂಕೇತವು ನಿಲ್ಲುತ್ತದೆ. ಮದರ್‌ಬೋರ್ಡು ಆ ಕ್ಷಣವೇ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಕುಸಿತವು ಕ್ಷಣಿಕವಾಗಿದ್ದರೆ ಯಂತ್ರ ಕೂಡಲೇ ಮತ್ತೆ ಪ್ರಾರಂಭವಾಗುತ್ತದೆ. ದೀರ್ಘವಾಗಿದ್ದರೆ ಪೂರ್ತಿಯಾಗಿ ಆರಿಹೋಗುತ್ತದೆ.

ಎರಡನೆಯದು ಯಂತ್ರಾಂಶದ ದಾರಿ. ಪ್ರೊಸೆಸರ್, ಸ್ಮೃತಿ ಅಥವಾ ಮದರ್‌ಬೋರ್ಡಿನಲ್ಲಿ ಸರಿಪಡಿಸಲಾಗದ ತಪ್ಪು ಸಂಭವಿಸಿದಾಗ ಕೆಲಸವನ್ನು ಮುಂದುವರಿಸಿದರೆ ಮಾಹಿತಿಯು ಕೆಡುತ್ತದೆಯೆಂಬ ಕಾರಣದಿಂದ ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.

ಮೂರನೆಯದು ತಂತ್ರಾಂಶದ ದಾರಿ. ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆಯು ತನ್ನ ಒಡಲಲ್ಲಿ ಗಂಭೀರವಾದ ದೋಷವನ್ನು ಕಂಡಾಗ ದೋಷದ ಪರದೆಯನ್ನು ತೋರಿಸಿ, ಬಳಿಕ ತಾನೇ ಮರುಚಾಲನೆಗೆ ಆಜ್ಞೆ ನೀಡುತ್ತದೆ. ಈ ಪರದೆಯು ಕೆಲವೇ ಕ್ಷಣಗಳಲ್ಲಿ ಮಾಯವಾಗುವುದರಿಂದ ಯಂತ್ರವು ವಿನಾಕಾರಣ ಮರುಚಾಲನೆಗೊಂಡಿತೆಂದು ಅನೇಕರು ಭಾವಿಸುತ್ತಾರೆ.

ಈ ಮೂರು ದಾರಿಗಳಲ್ಲಿ ಯಾವುದರಿಂದ ತೊಂದರೆ ಬಂದಿದೆ ಎಂಬುದನ್ನು ತಿಳಿಯುವುದೇ ಪರಿಶೋಧನೆಯ ಮುಖ್ಯ ಉದ್ದೇಶ.

ಮೊದಲ ಕರ್ತವ್ಯ: ಮಾಹಿತಿಯ ರಕ್ಷಣೆ

ಯಾವುದೇ ಪರೀಕ್ಷೆಗೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಅಥವಾ ಪೆನ್ ಡ್ರೈವಿಗೆ ತೆಗೆದುಕೊಳ್ಳಬೇಕು. ಪ್ರತಿಯು ಸರಿಯಾಗಿ ತೆರೆಯುತ್ತದೆಯೇ ಎಂಬುದನ್ನು ಮತ್ತೊಂದು ಯಂತ್ರದಲ್ಲಿ ನೋಡಿ ಖಚಿತಪಡಿಸಿಕೊಂಡು, ಆ ಡಿಸ್ಕನ್ನು ದೋಷಯುಕ್ತ ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಯಂತ್ರದ ಬಿಡಿಭಾಗಗಳನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ಹತ್ತು ವರ್ಷಗಳ ಲೆಕ್ಕಪತ್ರವನ್ನಾಗಲಿ ಕುಟುಂಬದ ಛಾಯಾಚಿತ್ರಗಳನ್ನಾಗಲಿ ಹಾಗೆ ಕೊಳ್ಳಲಾಗದು.

ಎರಡನೆಯ ಕರ್ತವ್ಯ: ದಿನಚರಿ

ಒಂದು ಸಾಧಾರಣ ನೋಟುಪುಸ್ತಕದಲ್ಲಿ ಪ್ರತಿಯೊಂದು ಮರುಚಾಲನೆಯ ವಿವರವನ್ನು ಬರೆದಿಡಬೇಕು. ದಿನಾಂಕ ಮತ್ತು ವೇಳೆ, ಯಂತ್ರವನ್ನು ಹಾಕಿ ಎಷ್ಟು ಹೊತ್ತಾಗಿತ್ತು, ಆಗ ನಡೆಯುತ್ತಿದ್ದ ಕೆಲಸ, ಕೋಣೆಯ ಸೆಕೆ, ಮನೆಯ ದೀಪಗಳು ಮಂಕಾದುವೇ, ನೀರಿನ ಪಂಪು ಅಥವಾ ಏರ್ ಕಂಡೀಷನರ್ ಆಗತಾನೆ ಚಾಲನೆಗೊಂಡಿತೇ, ಯು.ಪಿ.ಎಸ್. ಸದ್ದು ಮಾಡಿತೇ ಎಂಬುವು ಗಮನಿಸಬೇಕಾದ ಅಂಶಗಳು. ಇತ್ತೀಚೆಗೆ ಯಂತ್ರಕ್ಕೆ ಹೊಸದಾಗಿ ಏನನ್ನಾದರೂ ಸೇರಿಸಲಾಗಿದೆಯೇ ಎಂಬುದನ್ನೂ ನಮೂದಿಸಬೇಕು.

ಒಂದು ವಾರದ ದಿನಚರಿಯಿಂದಲೇ ಸಾಮಾನ್ಯವಾಗಿ ದಿಕ್ಕು ಗೋಚರಿಸುತ್ತದೆ. ಭಾರವಾದ ಕೆಲಸ ಕೊಟ್ಟ ಕೆಲವು ನಿಮಿಷಗಳ ಬಳಿಕ ತೊಂದರೆ ಕಂಡರೆ ಉಷ್ಣದ ಅಥವಾ ಎಸ್.ಎಂ.ಪಿ.ಎಸ್.ನ ಸಂದೇಹ ಹುಟ್ಟುತ್ತದೆ. ನಿಗದಿತ ವೇಳೆಯಲ್ಲಿ ಕಂಡರೆ ಕಟ್ಟಡದ ವಿದ್ಯುತ್ತಿನ ಕಡೆಗೆ ನೋಡಬೇಕು. ಒಂದೇ ತಂತ್ರಾಂಶವನ್ನು ತೆರೆದಾಗ ಮಾತ್ರ ಕಂಡರೆ ಆ ತಂತ್ರಾಂಶವನ್ನು ಶಂಕಿಸಬೇಕು. ಯಾವ ನಿಯಮವೂ ಕಾಣದಿದ್ದರೆ ಸ್ಮೃತಿಯನ್ನೂ ಸಡಿಲವಾದ ಜೋಡಣೆಗಳನ್ನೂ ಪರೀಕ್ಷಿಸಬೇಕು.

ಯಂತ್ರದ ಸ್ವಂತ ದಾಖಲೆ

ವಿಂಡೋಸ್ ತನ್ನ ಆಗುಹೋಗುಗಳನ್ನು ‘ಈವೆಂಟ್ ವ್ಯೂಅರ್’ ಎಂಬ ಸಾಧನದಲ್ಲಿ ದಾಖಲಿಸುತ್ತದೆ. ಅದರ ‘ಸಿಸ್ಟಮ್’ ವಿಭಾಗದಲ್ಲಿ ಮರುಚಾಲನೆಯ ವೇಳೆಗೆ ಹತ್ತಿರದ ನಮೂದುಗಳನ್ನು ನೋಡಬೇಕು. 1074 ಎಂಬ ಸಂಖ್ಯೆಯ ನಮೂದಿದ್ದರೆ ಯಾವುದೋ ತಂತ್ರಾಂಶ ಅಥವಾ ಬಳಕೆದಾರರು ವಿಧಿವತ್ತಾಗಿ ಮರುಚಾಲನೆಯನ್ನು ಕೋರಿದ್ದಾರೆ ಎಂದರ್ಥ. ವಿಂಡೋಸ್ ತನ್ನ ಪರಿಷ್ಕರಣೆಗಳನ್ನು ಅಳವಡಿಸಿಕೊಳ್ಳಲು ರಾತ್ರಿಯ ವೇಳೆ ಮರುಚಾಲನೆಗೊಳ್ಳುವುದು ಈ ಬಗೆಯದು. ಅದು ದೋಷವಲ್ಲ, ಅಂತಹ ಮರುಚಾಲನೆ ಕೆಲಸದ ವೇಳೆಯಲ್ಲಿ ನಡೆಯದಂತೆ ಸೆಟ್ಟಿಂಗ್ಸ್‌ನಲ್ಲಿ ವೇಳೆಯನ್ನು ನಿಗದಿಪಡಿಸಬಹುದು.

‘ಕರ್ನಲ್-ಪವರ್ 41’ ಮತ್ತು 6008 ಎಂಬ ನಮೂದುಗಳು ಹಿಂದಿನ ಬಾರಿ ಯಂತ್ರವು ಕ್ರಮವಾಗಿ ಮುಚ್ಚಲ್ಪಡಲಿಲ್ಲ ಎಂದು ಮಾತ್ರ ತಿಳಿಸುತ್ತವೆ. 41ನೆಯ ಸಂಖ್ಯೆಯನ್ನು ಕಂಡೊಡನೆ ಎಸ್.ಎಂ.ಪಿ.ಎಸ್. ಕೆಟ್ಟಿದೆ ಎಂದು ತೀರ್ಮಾನಿಸುವುದು ಸರಿಯಲ್ಲ. ಆ ನಮೂದಿನ ವಿವರದಲ್ಲಿರುವ ‘ಬಗ್‌ಚೆಕ್ ಕೋಡ್’ ಸೊನ್ನೆಯಾಗಿದ್ದರೆ ದೋಷದ ವಿವರವನ್ನು ಬರೆದಿಡಲು ವಿಂಡೋಸಿಗೆ ಅವಕಾಶವೇ ದೊರೆಯಲಿಲ್ಲ ಎಂದು ತಿಳಿಯಬೇಕು. ವಿದ್ಯುತ್ ಕಡಿತ, ಯಂತ್ರಾಂಶದ ಹಠಾತ್ ನಿಲುಗಡೆ ಅಥವಾ ರೀಸೆಟ್ ಗುಂಡಿಯ ದೋಷದಲ್ಲಿ ಹೀಗಾಗುತ್ತದೆ. ಸೊನ್ನೆಯಲ್ಲದ ಸಂಖ್ಯೆಯಿದ್ದರೆ ವಿಂಡೋಸ್ ದೋಷವನ್ನು ಗುರುತಿಸಿದೆ ಎಂದರ್ಥ. ‘ವಿಯಾ-ಲಾಗರ್’ ಎಂಬ ಹೆಸರಿನ ನಮೂದುಗಳು ಪ್ರೊಸೆಸರ್ ಮೊದಲಾದ ಯಂತ್ರಾಂಶದ ತಪ್ಪುಗಳನ್ನು ಸೂಚಿಸುತ್ತವೆ.

ಇದರೊಡನೆ ಸಿಸ್ಟಮ್ ಗುಣವಿವರಗಳ ‘ಸ್ಟಾರ್ಟಪ್ ಅಂಡ್ ರಿಕವರಿ’ ಭಾಗದಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಮುಂದಿನ ಗುರುತನ್ನು ತೆಗೆಯಬೇಕು. ಆ ಬಳಿಕ ದೋಷದ ಪರದೆಯು ಮಾಯವಾಗದೆ ನಿಲ್ಲುತ್ತದೆ. ಈ ಪರದೆಯು ನೀಲಿ ಬಣ್ಣದ್ದಾಗಿರುತ್ತದೆ; ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು ಬಣ್ಣದ್ದು. ಅದರ ಮೇಲಿನ ಸಂಕೇತವನ್ನು ಮೊಬೈಲ್ ಫೋನಿನಿಂದ ಚಿತ್ರ ತೆಗೆದಿಟ್ಟುಕೊಂಡರೆ ತಜ್ಞರಿಗೆ ಬಹಳ ಉಪಯುಕ್ತ. ಹೀಗೆ ಮಾಡಿದ ಮೇಲೂ ಪರದೆ ಕಾಣಿಸದೆಯೇ ಯಂತ್ರ ಮರುಚಾಲನೆಗೊಂಡರೆ ವಿದ್ಯುತ್ ಅಥವಾ ಯಂತ್ರಾಂಶದ ಸಂಶಯ ಬಲವಾಗುತ್ತದೆ.

ವಿದ್ಯುತ್ ಪೂರೈಕೆಯ ಪರೀಕ್ಷೆ

ಮೊದಲಿಗೆ ಸುಲಭವಾದವನ್ನು ನೋಡಬೇಕು. ಸಾಕೆಟ್ಟಿನಲ್ಲಿ ಪ್ಲಗ್ಗು ಅಲುಗಾಡುತ್ತಿದೆಯೇ, ಯಂತ್ರದ ಹಿಂಬದಿಯ ಕೇಬಲ್ಲು ಸಡಿಲವಾಗಿದೆಯೇ, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಇಸ್ತ್ರಿಪೆಟ್ಟಿಗೆ ಅಥವಾ ಮಿಕ್ಸಿಗೂ ವಿದ್ಯುತ್ ಪಡೆಯಲಾಗುತ್ತಿದೆಯೇ ಎಂದು ಪರಿಶೀಲಿಸಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಬಳಸಿದರೆ ಯಂತ್ರಕ್ಕೆ ಭೂಸಂಪರ್ಕ ತಪ್ಪುತ್ತದೆ. ಲೋಹದ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಜುಮ್ಮೆನ್ನುವುದು ಭೂಸಂಪರ್ಕ ಸರಿಯಿಲ್ಲದಿರುವುದರ ಲಕ್ಷಣ. ಇದು ಜೀವಕ್ಕೂ ಅಪಾಯಕಾರಿಯಾದುದರಿಂದ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಕೂಡಲೇ ಸರಿಪಡಿಸಿಕೊಳ್ಳಬೇಕು.

‘ಯು.ಪಿ.ಎಸ್. ಇದ್ದರೂ ಯಂತ್ರವೇಕೆ ಮರುಚಾಲನೆಗೊಳ್ಳುತ್ತದೆ?’ ಎಂಬುದು ಅನೇಕರ ಪ್ರಶ್ನೆ. ಇದಕ್ಕೆ ಉತ್ತರವು ಸಣ್ಣದೊಂದು ಲೆಕ್ಕದಲ್ಲಿದೆ. ಭಾರತದಲ್ಲಿ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಅಂದರೆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಹೊರಗಿನ ವಿದ್ಯುತ್ತು ನಿಂತ ಬಳಿಕ ಉತ್ತಮ ಎಸ್.ಎಂ.ಪಿ.ಎಸ್. ತನ್ನೊಳಗಿನ ಕೆಪಾಸಿಟರಿನಲ್ಲಿ ಸಂಗ್ರಹವಾದ ವಿದ್ಯುತ್ತಿನಿಂದ ಪೂರ್ಣ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡುಗಳ ಕಾಲ ಯಂತ್ರವನ್ನು ನಡೆಸಬಲ್ಲದು. ಮನೆಗಳಲ್ಲಿ ಬಳಸುವ ಸಾಮಾನ್ಯ ಯು.ಪಿ.ಎಸ್. ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ಎರಡೂ ಸುಸ್ಥಿತಿಯಲ್ಲಿದ್ದರೆ ಈ ಬದಲಾವಣೆಯು ಯಂತ್ರದ ಅರಿವಿಗೇ ಬರುವುದಿಲ್ಲ. ಕೆಪಾಸಿಟರು ವಯಸ್ಸಾಗಿ ಶಕ್ತಿಗುಂದಿದಾಗ ಈ ಅಲ್ಪ ಅವಧಿಯನ್ನು ದಾಟಿಸಲೂ ಎಸ್.ಎಂ.ಪಿ.ಎಸ್. ಅಸಮರ್ಥವಾಗುತ್ತದೆ. ಇದಲ್ಲದೆ ಯು.ಪಿ.ಎಸ್.ನ ಬ್ಯಾಟರಿಯೂ ಕೆಲವು ವರ್ಷಗಳಲ್ಲಿ ಸವೆಯುತ್ತದೆ; ಸವೆದ ಬ್ಯಾಟರಿಯು ಭಾರ ಬಿದ್ದೊಡನೆ ಕುಸಿಯುತ್ತದೆ.

ಎಸ್.ಎಂ.ಪಿ.ಎಸ್. ನೀಡುವ ವೋಲ್ಟೇಜು ನಿಗದಿತ ಮಟ್ಟದಿಂದ ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6ರವರೆಗೂ, 5 ವೋಲ್ಟಿನ ತಂತಿಯಲ್ಲಿ 4.75ರಿಂದ 5.25ರವರೆಗೂ ಇರಬಹುದು. ಅನೇಕ ಮದರ್‌ಬೋರ್ಡುಗಳ ಬಯೋಸ್ ಪರದೆಯಲ್ಲಿ ಈ ಅಂಕಿಗಳನ್ನು ಕಾಣಬಹುದು. ಅಲ್ಲಿ ಯಂತ್ರಕ್ಕೆ ಹೆಚ್ಚಿನ ಭಾರವಿರುವುದಿಲ್ಲವಾದ ಕಾರಣ ಅಂಕಿಗಳು ಸರಿಯಿದ್ದ ಮಾತ್ರಕ್ಕೆ ಎಸ್.ಎಂ.ಪಿ.ಎಸ್. ನಿರ್ದೋಷಿ ಎನ್ನಲಾಗದು. ಸರಿಯಿರುವುದೆಂದು ತಿಳಿದ ಮತ್ತೊಂದನ್ನು ಕೆಲವು ದಿನ ಹಾಕಿ ನೋಡುವುದೇ ನಂಬಲರ್ಹವಾದ ಪರೀಕ್ಷೆ.

ಎಚ್ಚರಿಕೆ: ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಬಳಕೆದಾರರು ಎಂದಿಗೂ ಬಿಚ್ಚಬಾರದು. ಪ್ಲಗ್ಗನ್ನು ತೆಗೆದ ಬಳಿಕವೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮಿಗಿಲಾದ ವಿದ್ಯುತ್ತು ಸ್ವಲ್ಪ ಕಾಲ ಉಳಿದಿರಬಹುದು.

ಉಷ್ಣ, ಧೂಳು ಮತ್ತು ತೇವ

ಪ್ರೊಸೆಸರಿನ ಉಷ್ಣತೆಯು ಕೋಣೆಯ ಉಷ್ಣತೆಯ ಮೇಲೆ ನಿಲ್ಲುತ್ತದೆ. 25 ಡಿಗ್ರಿ ಸೆಲ್ಸಿಯಸ್ ಇದ್ದ ಕೋಣೆಯು ಬೇಸಗೆಯಲ್ಲಿ 40 ಡಿಗ್ರಿಗೆ ಏರಿದರೆ ಅದೇ ಕೆಲಸದಲ್ಲಿ ಪ್ರೊಸೆಸರೂ ಸುಮಾರು 15 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ದೆಹಲಿಯ ಬೇಸಗೆಯಲ್ಲಿ ಬಿಸಿಲಿನೊಡನೆ ಧೂಳೂ ಸೇರುತ್ತದೆ. ಮುಂಬಯಿ ಮತ್ತು ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ತೇವ ಮತ್ತು ಉಪ್ಪಿನ ಗಾಳಿ ಲೋಹದ ಸಂಪರ್ಕಗಳನ್ನು ಕ್ರಮೇಣ ಕೆಡಿಸುತ್ತವೆ. ಒಂದೇ ಮಾದರಿಯ ಯಂತ್ರವು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ರೀತಿ ವರ್ತಿಸಲು ಇದೂ ಒಂದು ಕಾರಣ.

ಈಗಿನ ಪ್ರೊಸೆಸರುಗಳು ಬಿಸಿ ಹೆಚ್ಚಾದಾಗ ಮೊದಲು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆಮೇಲೂ ಬಿಸಿ ಏರಿದರೆ ಯಂತ್ರವನ್ನು ಆರಿಸುತ್ತವೆ. ಹೀಗಾಗಿ ಯಂತ್ರವು ಮೊದಲು ನಿಧಾನವಾಗಿ, ಫ್ಯಾನಿನ ಸದ್ದು ಹೆಚ್ಚಾಗಿ, ಕೊನೆಗೆ ನಿಂತರೆ ಉಷ್ಣವೇ ಕಾರಣವೆಂದು ಊಹಿಸಬಹುದು. ವಿದ್ಯುತ್ತಿನ ಸಂಪರ್ಕವನ್ನು ಪೂರ್ತಿಯಾಗಿ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ಬಿಚ್ಚಿ, ಮೆತ್ತನೆಯ ಕುಂಚದಿಂದ ಅಥವಾ ಬ್ಲೋವರಿನಿಂದ ಧೂಳನ್ನು ತೆಗೆಯಬೇಕು. ಬ್ಲೋವರ್ ಬಳಸುವಾಗ ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಪ್ರೊಸೆಸರು ಮತ್ತು ಅದರ ಮೇಲಿನ ಲೋಹದ ತಂಪುಕಾರಿಯ ನಡುವೆ ಹಚ್ಚಿದ ಲೇಪವು ವರ್ಷಗಳಲ್ಲಿ ಒಣಗುತ್ತದೆ. ಅದನ್ನು ಹೊಸದಾಗಿ ಹಚ್ಚಿಸಬೇಕಾಗಬಹುದು. ಯಂತ್ರವನ್ನು ಗೋಡೆಗೆ ಒತ್ತಿ ಇಡುವುದೂ ಮುಚ್ಚಿದ ಮೇಜಿನ ಗೂಡಿನಲ್ಲಿ ಇಡುವುದೂ ಗಾಳಿಯ ಸಂಚಾರಕ್ಕೆ ಅಡ್ಡಿ.

ಮುಚ್ಚಳ ತೆರೆದಿರುವಾಗಲೇ ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಗಮನಿಸಬೇಕು. ಸಣ್ಣ ಡಬ್ಬಿಯಂತಿರುವ ಇವುಗಳ ನೆತ್ತಿ ಉಬ್ಬಿದ್ದರೆ ಅಥವಾ ಕಂದು ಬಣ್ಣದ ದ್ರವ ಸೋರಿದ್ದರೆ ಅವು ಕೆಟ್ಟಿವೆ. ಸುಮಾರು 1999ರಿಂದ 2007ರವರೆಗೆ ತಯಾರಾದ ಅಸಂಖ್ಯಾತ ಮದರ್‌ಬೋರ್ಡುಗಳು ಇಂತಹ ಕಳಪೆ ಕೆಪಾಸಿಟರುಗಳ ಕಾರಣದಿಂದ ಅಕಾಲದಲ್ಲಿ ಕೆಟ್ಟವು. ಉಷ್ಣತೆ 10 ಡಿಗ್ರಿ ಹೆಚ್ಚಿದಾಗ ಈ ಬಗೆಯ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಸ್ಥೂಲ ನಿಯಮ.

ರೀಸೆಟ್ ಗುಂಡಿಯು ತೇವದಿಂದ ಅಥವಾ ಸವೆತದಿಂದ ಒಳಗೇ ಸಿಕ್ಕಿಕೊಳ್ಳುವುದೂ ಉಂಟು. ಅದರ ಸಣ್ಣ ತಂತಿಯನ್ನು ಮದರ್‌ಬೋರ್ಡಿನಿಂದ ಬೇರ್ಪಡಿಸಿ ಕೆಲವು ದಿನ ನೋಡಿದರೆ ಈ ಸಂದೇಹ ಖರ್ಚಿಲ್ಲದೆ ಬಗೆಹರಿಯುತ್ತದೆ.

ಸ್ಮೃತಿ ಮತ್ತು ಪ್ರೊಸೆಸರ್

ಸ್ಮೃತಿ ಫಲಕ, ಅಂದರೆ ರ್‍ಯಾಮ್, ದೋಷಯುಕ್ತವಾದಾಗ ಮರುಚಾಲನೆಗಳಿಗೆ ಯಾವ ನಿಯಮವೂ ಇರುವುದಿಲ್ಲ. ಇಂದು ಒಂದು ತಂತ್ರಾಂಶ, ನಾಳೆ ಇನ್ನೊಂದು ನಿಲ್ಲುತ್ತವೆ. ದೋಷದ ಸಂಕೇತಗಳೂ ಬದಲಾಗುತ್ತಿರುತ್ತವೆ. ಮೊದಲು ಫಲಕಗಳನ್ನು ತೆಗೆದು, ಅವುಗಳ ಹೊಂಬಣ್ಣದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಮತ್ತೆ ಭದ್ರವಾಗಿ ಕೂಡಿಸಬೇಕು. ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಸ್ಪರ್ಶಿಸಿ ಶರೀರದ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳುವುದು ಅವಶ್ಯಕ.

ಬಳಿಕ ವಿಂಡೋಸ್‌ನಲ್ಲಿಯೇ ಇರುವ ಸ್ಮೃತಿ ಪರೀಕ್ಷಾ ಸಾಧನವನ್ನು, ಅಥವಾ ಪೆನ್ ಡ್ರೈವಿನಿಂದ ನಡೆಯುವ ‘ಮೆಮ್‌ಟೆಸ್ಟ್86’ನಂತಹ ತಂತ್ರಾಂಶವನ್ನು ಇಡೀ ರಾತ್ರಿ ನಡೆಸಬೇಕು. ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ. ‘ಒಂದು ತಾನೇ’ ಎಂದು ಬಿಡುವಂತಿಲ್ಲ. ಎರಡು ಫಲಕಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ ದೋಷವಿರುವುದನ್ನು ಗುರುತಿಸಬಹುದು. ನಿಗದಿತ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಸ್ಮೃತಿಯನ್ನೋ ಪ್ರೊಸೆಸರನ್ನೋ ನಡೆಸುವ ಸೆಟ್ಟಿಂಗುಗಳನ್ನು ಬಯೋಸ್‌ನಲ್ಲಿ ಆಯ್ದುಕೊಂಡಿದ್ದರೆ ಪರೀಕ್ಷೆಯ ಅವಧಿಯಲ್ಲಿ ಅವುಗಳನ್ನು ರದ್ದುಪಡಿಸಬೇಕು.

ಪ್ರೊಸೆಸರೇ ಕೆಡುವುದು ವಿರಳವಾದರೂ ಅಸಾಧ್ಯವಲ್ಲ. ಇಂಟೆಲ್ ಸಂಸ್ಥೆಯ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾಗಿ ವರ್ತಿಸುತ್ತಿದ್ದ ಬಗ್ಗೆ ದೂರುಗಳು ಬಂದುವು. ಪ್ರೊಸೆಸರಿಗೆ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜು ದೊರೆಯುತ್ತಿದ್ದುದು ಇದಕ್ಕೆ ಸಂಬಂಧಿಸಿದೆಯೆಂದು ಸಂಸ್ಥೆಯು 2024ರ ಜುಲೈಯಲ್ಲಿ ತಿಳಿಸಿ, ಆಗಸ್ಟ್‌ನಿಂದ ಬಯೋಸ್ ಪರಿಷ್ಕರಣೆಗಳ ಮೂಲಕ ಪರಿಹಾರವನ್ನು ಒದಗಿಸಿತು. ವಾರಂಟಿಯ ಅವಧಿಯನ್ನೂ ಎರಡು ವರ್ಷ ವಿಸ್ತರಿಸಿತು. ಪರಿಷ್ಕರಣೆಯು ಮುಂದಿನ ಹಾನಿಯನ್ನು ತಡೆಯಲು ಉದ್ದೇಶಿಸಿದ್ದು. ಆಗಲೇ ಹಾನಿಗೊಂಡ ಪ್ರೊಸೆಸರನ್ನು ಅದು ಸರಿಪಡಿಸಲಾರದು. ಈ ಪೀಳಿಗೆಯ ಯಂತ್ರವುಳ್ಳವರು ಮದರ್‌ಬೋರ್ಡ್ ತಯಾರಕರ ಇತ್ತೀಚಿನ ಬಯೋಸ್ ಅಳವಡಿಸಲ್ಪಟ್ಟಿದೆಯೇ ಎಂದು ವಿಚಾರಿಸುವುದು ಉಚಿತ.

ತಂತ್ರಾಂಶದಿಂದ ಬರುವ ತೊಂದರೆ

ಯಂತ್ರದ ಯಾವ ಅಂಗವೂ ಕೆಡದೆ ಕೇವಲ ತಂತ್ರಾಂಶದ ಕಾರಣದಿಂದ ಮರುಚಾಲನೆ ಸಂಭವಿಸಬಹುದೆಂಬುದಕ್ಕೆ ಎರಡು ಪ್ರಸಿದ್ಧ ಘಟನೆಗಳು ಸಾಕ್ಷಿ. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ದುಷ್ಟ ತಂತ್ರಾಂಶವು ಅಂತರಜಾಲದ ಮೂಲಕ ಹರಡಿತು. ಅದು ಹೊಕ್ಕ ವಿಂಡೋಸ್ ಯಂತ್ರಗಳಲ್ಲಿ 60 ಸೆಕೆಂಡುಗಳ ಇಳಿಯೆಣಿಕೆ ಕಾಣಿಸಿ ಯಂತ್ರ ಮರುಚಾಲನೆಗೊಳ್ಳುತ್ತಿತ್ತು. ಅದನ್ನು ತಡೆಯಬಲ್ಲ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಜುಲೈಯಲ್ಲಿಯೇ ಬಿಡುಗಡೆ ಮಾಡಿದ್ದಿತು, ಅಳವಡಿಸಿಕೊಳ್ಳದವರು ತೊಂದರೆಗೊಳಗಾದರು. ಎರಡನೆಯ ಘಟನೆಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಪರಿಷ್ಕರಣೆಯಿಂದ ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವು. ಅನೇಕವು ಮತ್ತೆ ಮತ್ತೆ ಮರುಚಾಲನೆಗೊಳ್ಳುತ್ತಲೇ ಇದ್ದುವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ನೀಡಬೇಕಾಯಿತು.

ತೊಂದರೆಯು ತಂತ್ರಾಂಶದ್ದೋ ಯಂತ್ರಾಂಶದ್ದೋ ಎಂದು ಬೇರ್ಪಡಿಸಲು ಒಂದು ಸರಳ ಉಪಾಯವಿದೆ. ಪೆನ್ ಡ್ರೈವಿನಿಂದಲೇ ನಡೆಯಬಲ್ಲ ಉಚಿತವಾದ ಲಿನಕ್ಸ್ ವ್ಯವಸ್ಥೆಯಲ್ಲಿ ಯಂತ್ರವನ್ನು ಕೆಲವು ಗಂಟೆಗಳ ಕಾಲ ನಡೆಸಬೇಕು. ಅಲ್ಲಿಯೂ, ಅಥವಾ ಕೇವಲ ಬಯೋಸ್ ಪರದೆಯಲ್ಲಿ ನಿಂತಿರುವಾಗಲೂ ಮರುಚಾಲನೆಯಾದರೆ ವಿಂಡೋಸ್ ಕಾರಣವಲ್ಲ. ವಿಂಡೋಸ್‌ನಲ್ಲಿ ಮಾತ್ರ ಆಗುವುದಾದರೆ ‘ಸೇಫ್ ಮೋಡ್’ನಲ್ಲಿ ನಡೆಸಿ ನೋಡಿ, ಇತ್ತೀಚೆಗೆ ಸೇರಿಸಿದ ಡ್ರೈವರ್ ತಂತ್ರಾಂಶಗಳನ್ನು ಒಂದೊಂದಾಗಿ ಹಿಂದಿನ ಆವೃತ್ತಿಗೆ ಮರಳಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ ಎಂಬುದನ್ನೂ ಗಮನದಲ್ಲಿಡಬೇಕು. ದುಷ್ಟ ತಂತ್ರಾಂಶದ ಶಂಕೆಯಿದ್ದರೆ ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವು ಒದಗಿಸುವ ಉಚಿತ ಸಾಧನಗಳನ್ನು ಬಳಸಬಹುದು.

ಒಂದು ಕಲ್ಪಿತ ನಿದರ್ಶನ

ಈ ಕ್ರಮವು ಕಾರ್ಯರೂಪದಲ್ಲಿ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಪುಣೆಯ ಬಡಾವಣೆಯೊಂದರಲ್ಲಿರುವ ಕನ್ನಡ ಸಂಘದ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ ಆರು ವರ್ಷದ ಗಣಕಯಂತ್ರವು ಸದಸ್ಯತ್ವದ ಪಟ್ಟಿಯನ್ನು ಸಿದ್ಧಪಡಿಸುವಾಗ ಪದೇ ಪದೇ ಮರುಚಾಲನೆಗೊಳ್ಳುತ್ತದೆ. ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂಬ ಸಲಹೆ ಬರುತ್ತದೆ. ಕಾರ್ಯದರ್ಶಿಗಳು ಹಣ ಮಂಜೂರು ಮಾಡುವ ಮೊದಲು ಹನ್ನೆರಡು ದಿನಗಳ ದಿನಚರಿಯನ್ನು ಬರೆಸುತ್ತಾರೆ.

ಎಂಟು ಮರುಚಾಲನೆಗಳಲ್ಲಿ ಆರು ಸಂಜೆ ಕಟ್ಟಡದ ನೀರಿನ ಪಂಪು ಚಾಲನೆಗೊಂಡ ಕ್ಷಣದಲ್ಲಿ, ಯು.ಪಿ.ಎಸ್. ‘ಟಕ್’ ಎಂದು ಸದ್ದು ಮಾಡಿದಾಗ ಆಗಿರುತ್ತವೆ. ಪ್ರತಿ ಬಾರಿಯೂ 41ನೆಯ ನಮೂದು, ಸಂಕೇತ ಸೊನ್ನೆ. ಸ್ಮೃತಿ ಪರೀಕ್ಷೆಯಲ್ಲಿ ತಪ್ಪು ಕಾಣುವುದಿಲ್ಲ. ಕಡತಗಳ ಪ್ರತಿಯನ್ನು ತೆಗೆದಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿದಾಗ ನಾಲ್ಕು ದಿನ ತೊಂದರೆಯಿಲ್ಲ. ಇಷ್ಟಕ್ಕೇ ಯು.ಪಿ.ಎಸ್. ಕೆಟ್ಟಿದೆಯೆಂದು ಹೊಸದನ್ನು ಕೊಂಡಿದ್ದರೆ ಹಣ ವ್ಯರ್ಥವಾಗುತ್ತಿತ್ತು. ನೆರೆಯ ಕಚೇರಿಯಿಂದ ಎರವಲು ತಂದ ಒಳ್ಳೆಯ ಯು.ಪಿ.ಎಸ್. ಹಾಕಿದರೂ ಮರುಚಾಲನೆ ಮತ್ತೆ ಕಾಣಿಸುತ್ತದೆ. ಕೊನೆಗೆ ಹಳೆಯ ಯು.ಪಿ.ಎಸ್.ನೊಡನೆ ಬೇರೊಂದು ಎಸ್.ಎಂ.ಪಿ.ಎಸ್. ಅಳವಡಿಸಿದಾಗ ಹತ್ತು ದಿನ ಯಾವ ತೊಂದರೆಯೂ ಇಲ್ಲ. ಹಳೆಯ ಎಸ್.ಎಂ.ಪಿ.ಎಸ್.ನ್ನು ಮರಳಿ ಹಾಕಿದೊಡನೆ ದೋಷ ಮರುಕಳಿಸುತ್ತದೆ.

ಈಗ ತೀರ್ಮಾನವು ಖಚಿತ. ಪಂಪು ಚಾಲನೆಗೊಂಡಾಗ ವೋಲ್ಟೇಜು ಇಳಿಯುತ್ತದೆ, ಯು.ಪಿ.ಎಸ್. ತನ್ನ ಕರ್ತವ್ಯದಂತೆ ಬ್ಯಾಟರಿಗೆ ಬದಲಾಗುತ್ತದೆ. ಆ ಕೆಲವು ಮಿಲಿಸೆಕೆಂಡುಗಳನ್ನು ಶಕ್ತಿಗುಂದಿದ ಎಸ್.ಎಂ.ಪಿ.ಎಸ್. ದಾಟಿಸಲಾರದು. ಮದರ್‌ಬೋರ್ಡು ಮತ್ತು ಯು.ಪಿ.ಎಸ್. ಎರಡರ ವೆಚ್ಚವೂ ಉಳಿಯಿತು. ದೋಷವು ಹೋಯಿತೆಂಬುದು ಮಾತ್ರವಲ್ಲ, ಹಳೆಯ ಭಾಗವನ್ನು ಮರಳಿ ಹಾಕಿದಾಗ ಅದು ಮತ್ತೆ ಬಂದಿತೆಂಬುದೂ ಇಲ್ಲಿ ಮುಖ್ಯವಾದ ಪ್ರಮಾಣ.

ದುರಸ್ತಿಗೆ ಒಯ್ಯುವಾಗ

ಕೆಪಾಸಿಟರುಗಳ ಬದಲಾವಣೆ, ಎಸ್.ಎಂ.ಪಿ.ಎಸ್. ಅಳವಡಿಕೆ, ಪ್ರೊಸೆಸರಿನ ಲೇಪ ಮುಂತಾದವನ್ನು ಅನುಭವವುಳ್ಳವರಿಗೆ ಒಪ್ಪಿಸುವುದು ಕ್ಷೇಮ. ಯಂತ್ರವು ವಾರಂಟಿಯಲ್ಲಿದ್ದರೆ ಮುಚ್ಚಳವನ್ನು ಬಿಚ್ಚುವ ಮೊದಲು ಅದರ ನಿಬಂಧನೆಗಳನ್ನು ಓದಬೇಕು. ದುರಸ್ತಿಗೆ ಕೊಡುವಾಗ ದಿನಚರಿಯ ಪ್ರತಿಯನ್ನೂ ದೋಷದ ಪರದೆಯ ಚಿತ್ರವನ್ನೂ ಜೊತೆಗಿಡಬೇಕು. ಖಾಸಗಿ ಕಡತಗಳನ್ನೂ ಪಾಸ್‌ವರ್ಡುಗಳನ್ನೂ ಬೇರೆಯವರ ಕೈಗೆ ಸಿಗದಂತೆ ತೆಗೆದಿಡಬೇಕು. ಬದಲಾಯಿಸಿದ ಭಾಗದ ಹೆಸರು, ಬೆಲೆ ಮತ್ತು ವಾರಂಟಿಯ ಅವಧಿ ನಮೂದಾದ ರಸೀತಿಯನ್ನು ಪಡೆಯಬೇಕು. ತೆಗೆದ ಹಳೆಯ ಭಾಗವನ್ನು ತೋರಿಸುವಂತೆ ಕೇಳಬೇಕು.

ಹಣ ಪಡೆದೂ ಸೇವೆಯನ್ನು ಸರಿಯಾಗಿ ಒದಗಿಸದಿದ್ದರೆ ಗ್ರಾಹಕರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಬಹುದು. ಆಗ ರಸೀತಿ ಮತ್ತು ದಿನಚರಿಗಳೇ ಆಧಾರ. ಕೆಟ್ಟ ಬಿಡಿಭಾಗಗಳನ್ನೂ ಯು.ಪಿ.ಎಸ್. ಬ್ಯಾಟರಿಗಳನ್ನೂ ಮನೆಯ ಕಸದೊಡನೆ ಎಸೆಯಬಾರದು. ಅವುಗಳಲ್ಲಿ ಸೀಸ ಮೊದಲಾದ ವಿಷಕಾರಿ ಲೋಹಗಳಿರುವುದರಿಂದ ಅಧಿಕೃತ ಸಂಗ್ರಹಣಾ ಕೇಂದ್ರಗಳಿಗೆ ಒಪ್ಪಿಸಬೇಕು.

ಸಾರಾಂಶ

1. ಮೊದಲು ಕಡತಗಳ ಪ್ರತಿ, ಅನಂತರ ಪರೀಕ್ಷೆ.
2. ಪ್ರತಿಯೊಂದು ಮರುಚಾಲನೆಯ ವೇಳೆ ಮತ್ತು ಸಂದರ್ಭವನ್ನು ಬರೆದಿಡುವುದು.
3. ಯಂತ್ರದ ದಾಖಲೆಯನ್ನು ನೋಡಿ, ದೋಷದ ಪರದೆಯು ನಿಲ್ಲುವಂತೆ ಮಾಡುವುದು.
4. ಪ್ಲಗ್ಗು, ಧೂಳು, ಸಡಿಲ ಜೋಡಣೆ ಮುಂತಾದ ಖರ್ಚಿಲ್ಲದ ಅಂಶಗಳನ್ನು ಮೊದಲು ಪರಿಶೀಲಿಸುವುದು.
5. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿ, ಸಾಕಷ್ಟು ದಿನ ಕಾದು ನೋಡುವುದು.
6. ಎರವಲು ಭಾಗದಿಂದ ದೋಷವು ಖಚಿತವಾದ ಬಳಿಕವೇ ಹೊಸದನ್ನು ಕೊಳ್ಳುವುದು.

ಈ ಆರು ಅಂಶಗಳನ್ನು ಪಾಲಿಸಲು ವಿಶೇಷ ವಿದ್ಯೆಯೇನೂ ಬೇಕಿಲ್ಲ; ಒಂದು ನೋಟುಪುಸ್ತಕ, ಒಂದಿಷ್ಟು ತಾಳ್ಮೆ ಸಾಕು. ಕಾರಣವನ್ನು ತಿಳಿದು ದುರಸ್ತಿ ಮಾಡಿಸಿದ ಯಂತ್ರವು ಇನ್ನೂ ಕೆಲವು ವರ್ಷ ಸೇವೆ ಸಲ್ಲಿಸುತ್ತದೆ. ಅದರಲ್ಲಿರುವ ದಾಖಲೆಗಳೂ ಸುರಕ್ಷಿತವಾಗಿ ಉಳಿಯುತ್ತವೆ.